ಮುಚ್ಚಳ ಕಳೆದುಹೋಗಿಲ್ಲ
ಇಟಲಿಯ ಹಳೇ ಔಷಧಿ ಜಾಡಿಯ ಫೋಟೋ ಕಳಿಸಿ, ಅದರ ಮುಚ್ಚಳ ಎಲ್ಲಿ ಹೋಯಿತು, ನಡು ಯಾಕೆ ಸಣ್ಣ ಎಂದು ಕೇಳಿದ್ದೀರಿ. ಆಲ್ಬರೆಲ್ಲೋ ಎನ್ನುವ ಈ ಜಾಡಿಗಳಿಗೆ ಸಾಮಾನ್ಯವಾಗಿ ಮುಚ್ಚಳವೇ ಇರುತ್ತಿರಲಿಲ್ಲ. ಬಾಯಿಯ ಅಂಚು ಹೊರಚಾಚಿದೆಯಲ್ಲ, ಚರ್ಮದ ಹಾಳೆಯನ್ನೋ ಬಟ್ಟೆಯನ್ನೋ ಹೊದಿಸಿ ಅದರ ಕೆಳಗೆ ದಾರ ಬಿಗಿಯುತ್ತಿದ್ದರು, ನಮ್ಮ ಉಪ್ಪಿನಕಾಯಿ ಭರಣಿಗೆ ಕಟ್ಟುವ ಹಾಗೇ. ಸಣ್ಣ ನಡು ಬರೀ ಚೆಂದಕ್ಕಲ್ಲ: ಕಪಾಟಿನಲ್ಲಿ ಒತ್ತೊತ್ತಾಗಿ ಇಟ್ಟರೂ ಬೆರಳು ತೂರಿಸಿ ಎತ್ತಿಕೊಳ್ಳಬಹುದು. ಈ ಆಕಾರದ ಮೂಲ ಸಿರಿಯಾ ಕಡೆಯದು. ಸ್ಪೇನ್‌ನಿಂದಲೂ ಇಟಲಿಗೆ ಬರುತ್ತಿತ್ತು. 15ನೇ ಶತಮಾನದ ಹೊತ್ತಿಗೆ ಫ್ಲಾರೆನ್ಸ್ ಸುತ್ತಮುತ್ತಲೇ ತಯಾರಾಗತೊಡಗಿತು. ಜಾಡಿಯ ಮೇಲಿನ ಬಿಳಿ ಹೊಳಪು ತವರದ ಆಕ್ಸೈಡ್‌ನದು, ನೀಲಿ ಕೋಬಾಲ್ಟ್‌ನದು. ನಿಮ್ಮ ಫೋಟೋದಲ್ಲಿ ಸುರಿಯುವ ಮೂತಿ ಕಾಣಿಸುತ್ತಿಲ್ಲ, ಹಾಗಾಗಿ ಒಳಗಿದ್ದದ್ದು ಲೇಹವೋ ಮುಲಾಮೋ ಪುಡಿಯೋ ಇರಬೇಕು. ಪಾನಕದಂಥ ಔಷಧಿಗೆ ಮೂತಿ, ಹಿಡಿ ಇರುವ ಜಾಡಿಗಳೇ ಬೇರೆ ಇದ್ದವು.