ಮೊದಲು ಬಿಸಿಯೋ, ಮೊದಲು ಇಂಗಾಲವೋ?

ಓದುಗರ ಪತ್ರ: ಕಳೆದ ಸಂಚಿಕೆಯ ಹಿಮಯುಗದ ಲೇಖನ ಓದಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದೇ ಶೇ. 0.04. ನೀರಾವಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಸಾಲದ್ದಕ್ಕೆ ಅಂಟಾರ್ಕ್ಟಿಕದ ಹಿಮದಲ್ಲಿ ಮೊದಲು ತಾಪಮಾನ ಏರಿ, ಆಮೇಲೆ ಈ ಅನಿಲ ಏರಿದೆಯಂತೆ. ಕಾರ್ಖಾನೆಯೇ ಇಲ್ಲದ ಕಾಲದಲ್ಲಿ ಭೂಮಿ ತಾನಾಗಿ ಬಿಸಿಯಾಗಿ ತಾನಾಗಿ ತಣ್ಣಗಾಗಿದೆ ಎಂದಮೇಲೆ ಅನಿಲ ಕಾರಣವೋ, ಪರಿಣಾಮವೋ? ಮಕ್ಕಳು ಕೇಳಿದರೆ ಏನು ಹೇಳಲಿ?
– ಪ್ರೌಢಶಾಲಾ ಶಿಕ್ಷಕರು, ಬೀದರ್

ಸಂಪಾದಕರ ಉತ್ತರ:

ಮಾನ್ಯರೇ, ಎರಡೂ ಹೌದು. ಹೀಗೆಂದರೆ ಜಾರಿಕೊಂಡ ಹಾಗೆ ಕೇಳಿಸುತ್ತದೆ, ಆದ್ದರಿಂದ ಲೆಕ್ಕದಿಂದಲೇ ಶುರುಮಾಡೋಣ.

ವಾತಾವರಣದ ಮೇಲ್ತುದಿಯಲ್ಲಿ ಸೂರ್ಯನಿಗೆ ನೇರ ಎದುರಾಗಿ ಒಂದು ಚದರ ಮೀಟರ್ ಹಲಗೆ ಹಿಡಿದರೆ ಅದಕ್ಕೆ ಬೀಳುವುದು ಸುಮಾರು 1361 ವ್ಯಾಟ್. ಭೂಮಿ ಹಲಗೆಯಲ್ಲ, ತಿರುಗುವ ಗುಂಡು. ಅದರ ಮೇಲ್ಮೈ ಅದೇ ವ್ಯಾಸದ ತಟ್ಟೆಯ ನಾಲ್ಕರಷ್ಟು. ಹಾಗಾಗಿ ಸರಾಸರಿ 340 ವ್ಯಾಟ್. ಅದರಲ್ಲಿ ಶೇ. 30ರಷ್ಟನ್ನು ಮೋಡ, ಹಿಮ, ಮರಳು ಹಿಂದಕ್ಕೆ ಎಸೆಯುತ್ತವೆ. ಉಳಿದದ್ದು 240. ಇಷ್ಟನ್ನು ಅವಕೆಂಪು (ಕಣ್ಣಿಗೆ ಕಾಣದ ಶಾಖದ) ಕಿರಣವಾಗಿ ವಾಪಸ್ ಬಿಡಲು ಒಂದು ಮೇಲ್ಮೈ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಸಾಕು. ನಮ್ಮ ನೆಲದ ಸರಾಸರಿ ಮಾತ್ರ ಸುಮಾರು 15 ಡಿಗ್ರಿ. ನಡುವಿನ 33 ಡಿಗ್ರಿಯೇ ಹಸಿರುಮನೆ ಪರಿಣಾಮ. ಅದು ಮನುಷ್ಯ ಹುಟ್ಟುವ ಎಷ್ಟೋ ಮೊದಲಿನದು.

ಆ ಮೈನಸ್ 18 ಇರುವುದೆಲ್ಲಿ? ನಮ್ಮ ತಲೆಯ ಮೇಲೆ ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. ಒಂದು ಕಿಲೋಮೀಟರ್ ಏರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಮಕ್ಕಳಿಂದ ಗುಣಾಕಾರ ಮಾಡಿಸಿ ನೋಡಿ. ಕೆಳಗಿನ ಪದರಗಳು ಬಿಟ್ಟ ಶಾಖದ ಬಹುಪಾಲನ್ನು ಮೇಲಿನವು ಹೀರಿಕೊಳ್ಳುತ್ತವೆ. ಗಾಳಿ ತೆಳುವಾಗುವ ಆ ಎತ್ತರದಿಂದಾಚೆಗಷ್ಟೇ ಶಾಖಕ್ಕೆ ಬಾಹ್ಯಾಕಾಶಕ್ಕೆ ಹೋಗಲು ದಾರಿ. ಹೀರುವ ಅನಿಲ ಹೆಚ್ಚಾದರೆ ಈ ದಾರಿ ಇನ್ನಷ್ಟು ಮೇಲಕ್ಕೆ ಸರಿಯುತ್ತದೆ. ಅಲ್ಲಿ ಗಾಳಿ ಇನ್ನೂ ತಣ್ಣಗಿರುವುದರಿಂದ ಹೊರಹೋಗುವುದು 240ಕ್ಕಿಂತ ಕಡಿಮೆಯಾಗುತ್ತದೆ, ಬರುವುದು ಅಷ್ಟೇ ಇರುತ್ತದೆ. ಲೆಕ್ಕ ಸರಿಹೋಗುವವರೆಗೆ ನೆಲದಿಂದ ಮೇಲಿನವರೆಗೆ ಎಲ್ಲವೂ ಬಿಸಿಯಾಗಬೇಕು. ‘ಹೀರುವಷ್ಟು ಆಗಲೇ ಹೀರಿಯಾಗಿದೆ, ಇನ್ನು ಸೇರಿಸಿದರೇನು’ ಎಂಬ ವಾದ ಸೋಲುವುದೂ ಇಲ್ಲೇ.

ಶೇ. 0.04 ಎಂಬುದು ಕಣ್ಣಿಗೆ ಮೋಸ ಮಾಡುವ ಅಂಕಿ. ಒಣಗಾಳಿಯ ಶೇ. 99 ಸಾರಜನಕ, ಆಮ್ಲಜನಕ. ಒಂದೇ ಬಗೆಯ ಎರಡು ಪರಮಾಣು ಜೋಡಿಯಾದ ಆ ಅಣುಗಳು ಅವಕೆಂಪನ್ನು ಹೆಚ್ಚುಕಮ್ಮಿ ಮುಟ್ಟುವುದೇ ಇಲ್ಲ. ಅವು ಈ ಆಟದಲ್ಲೇ ಇಲ್ಲವೆಂದಮೇಲೆ ಅವುಗಳ ಜೊತೆ ಹೋಲಿಸಿ ಫಲವೇನು? ಇಂಗಾಲದ ಡೈಆಕ್ಸೈಡ್ ಬಾಗಿ ಕಂಪಿಸುತ್ತ ಹೀರುವುದು 15 ಮೈಕ್ರೋಮೀಟರ್ ಅಲೆಯನ್ನು. ನೆಲ ದಂಡಿಯಾಗಿ ಶಾಖ ಬಿಡುವ ಜಾಗವೂ ಅದರ ಸುತ್ತಮುತ್ತಲೇ.

ನೀರಾವಿಯ ವಿಚಾರದಲ್ಲಿ ನೀವು ಹೇಳಿದ್ದು ನಿಜ. ಹಸಿರುಮನೆ ಪರಿಣಾಮದಲ್ಲಿ ಅರ್ಧದಷ್ಟು ಅದರದು, ಕಾಲು ಭಾಗ ಮೋಡದ್ದು, ಇಂಗಾಲದ ಡೈಆಕ್ಸೈಡಿನದು ಸುಮಾರು ಐದನೇ ಒಂದು. ಆದರೆ ಆವಿ ಹತ್ತು ದಿನದೊಳಗೆ ಮಳೆಯಾಗಿ ಇಳಿಯುವ ಗಿರಾಕಿ. ಎಷ್ಟು ಆವಿ ನಿಲ್ಲಬಹುದು ಎಂಬುದನ್ನು ತಾಪಮಾನ ತೀರ್ಮಾನಿಸುತ್ತದೆ: ಒಂದು ಡಿಗ್ರಿ ಏರಿದರೆ ಸುಮಾರು ಶೇ. 7 ಹೆಚ್ಚು. ನಮ್ಮ ಹವೆಯಲ್ಲಿ ಮಳೆಯಾಗಿ ಇಳಿದುಹೋಗದ ಇಂಗಾಲದ ಡೈಆಕ್ಸೈಡ್ ಒಂದಿಷ್ಟು ಬಿಸಿ ಹಿಡಿದಿಡುತ್ತದೆ, ಆವಿ ಅದರ ಬೆನ್ನಿಗೆ ಬಂದು ಹೆಚ್ಚಿಸುತ್ತದೆ.

ಆವಿಯ ಕೆಲಸವನ್ನು ಬೀದರಿನ ಚಳಿಗಾಲದಲ್ಲೇ ಅಳೆಯಬಹುದು. ಮೈಜ್ವರ ನೋಡುವ ಗನ್ ಬೇಡ, ಅದರ ಅಳತೆ ಮೈಬಿಸಿಯ ಆಸುಪಾಸಿಗೇ ಮುಗಿಯುತ್ತದೆ. ಯಂತ್ರ ರಿಪೇರಿಯವರು ಇಟ್ಟುಕೊಳ್ಳುವ, ಮೈನಸ್ 50ರವರೆಗೆ ತೋರಿಸುವ ಅವಕೆಂಪು ಥರ್ಮಾಮೀಟರ್ ಬೇಕು. ಸೂರ್ಯ ಮುಳುಗಿ ಒಂದು ಗಂಟೆಯ ಮೇಲೆ ಅದನ್ನು ಹೊರಗೆ 20 ನಿಮಿಷ ಇಟ್ಟು, ಆಮೇಲೆ ನೆತ್ತಿಗೆ ನೇರವಾಗಿ ಹಿಡಿಯಿರಿ. ಬಿಸಿಕೋಣೆಯಿಂದ ತಂದಕೂಡಲೇ ಹಿಡಿದರೆ ತಪ್ಪು ತೋರಿಸುತ್ತದೆ. ಓರೆಯಾಗಿ ಹಿಡಿದರೆ ನೋಟ ಹೆಚ್ಚು ಗಾಳಿಯನ್ನು ದಾಟುವುದರಿಂದ ಅಂಕಿ ಏರುತ್ತದೆ. ಒಣ, ನಿರಭ್ರ ಆಕಾಶ ಸೊನ್ನೆಗಿಂತ ಬಹಳ ಕೆಳಗೆ ತೋರಿಸುತ್ತದೆ. ತಗ್ಗಿನ ಮೋಡ ಬಂದ ರಾತ್ರಿ ಅಂಕಿ ಗಾಳಿಯ ತಾಪಮಾನದ ಹತ್ತಿರಕ್ಕೆ ಬರುತ್ತದೆ. ಒಂದು ಎಚ್ಚರಿಕೆ: ಇಂಥ ಉಪಕರಣ ನೋಡುವುದು 8ರಿಂದ 14 ಮೈಕ್ರೋಮೀಟರ್ ಕಿಟಕಿಯೊಳಗೆ. ಸಿಗುವುದು ಮುಖ್ಯವಾಗಿ ಆವಿ ಮತ್ತು ಮೋಡದ ಲೆಕ್ಕ. ‘ಇಂಗಾಲವನ್ನು ಅಳೆದೆವು’ ಎಂದು ಮಕ್ಕಳ ಹತ್ತಿರ ಬರೆಸಬೇಡಿ.

ಇನ್ನು ಹಿಮದ ಸಾಕ್ಷ್ಯ. ಅಂಟಾರ್ಕ್ಟಿಕದ ಡೋಮ್ ಸಿ ಎಂಬಲ್ಲಿ ಕೊರೆದು ತೆಗೆದ ಮಂಜಿನ ಕಂಬ 8 ಲಕ್ಷ ವರ್ಷದ ಗಾಳಿಯನ್ನು ಗುಳ್ಳೆಗಳಲ್ಲಿ ಹಿಡಿದಿಟ್ಟಿದೆ. ಅಷ್ಟೂ ಕಾಲ ಇಂಗಾಲದ ಡೈಆಕ್ಸೈಡ್ ಹಿಮಯುಗದಲ್ಲಿ ಹತ್ತು ಲಕ್ಷಕ್ಕೆ 180 ಭಾಗದ ಹತ್ತಿರಕ್ಕಿಳಿದು, ಬೆಚ್ಚಗಿನ ಕಾಲದಲ್ಲಿ 280–300ಕ್ಕೆ ಏರಿದೆ. ಈ ಏರಿಳಿತಕ್ಕೆ ಮುಹೂರ್ತ ಇಡುವುದು ಭೂಮಿಯ ಕಕ್ಷೆ: ಅಕ್ಷದ ವಾಲಿಕೆ 41 ಸಾವಿರ ವರ್ಷಕ್ಕೊಮ್ಮೆ 22.1 ಮತ್ತು 24.5 ಡಿಗ್ರಿಗಳ ನಡುವೆ ಹೋಗಿಬರುತ್ತದೆ, ಕಕ್ಷೆಯ ಆಕಾರ ಸುಮಾರು ಲಕ್ಷ ವರ್ಷದ ಲಯದಲ್ಲಿ ಬದಲಾಗುತ್ತದೆ. ಇದರಿಂದ ವರ್ಷದ ಒಟ್ಟು ಬಿಸಿಲು ಹೆಚ್ಚೇನೂ ಕದಲುವುದಿಲ್ಲ, ಯಾವ ಋತುವಿನಲ್ಲಿ ಯಾವ ಅಕ್ಷಾಂಶಕ್ಕೆ ಎಷ್ಟು ಎಂಬ ಹಂಚಿಕೆ ಬದಲಾಗುತ್ತದೆ. ಉತ್ತರದ ಬೇಸಿಗೆ ಬಿಸಿಯಾದಾಗ ಹಿಮಹಾಳೆ ಕರಗತೊಡಗುತ್ತದೆ. ಬಯಲಾದ ಕಪ್ಪು ನೆಲ ಇನ್ನಷ್ಟು ಬಿಸಿಲು ಹೀರುತ್ತದೆ. ಬೆಚ್ಚಗಾದ ಸಮುದ್ರ, ಬಿಸಿಯಾದ ಸೋಡಾದಂತೆ, ತನ್ನೊಳಗಿನ ಅನಿಲ ಬಿಡುತ್ತದೆ. ಅನಿಲ ಇಲ್ಲಿ ಪರಿಣಾಮ. ಆದರೆ ಹೊರಬಂದಮೇಲೆ ಅದು ಇಡೀ ಭೂಗೋಳವನ್ನು ಬಿಸಿಮಾಡುತ್ತದೆ, ಆಗ ಅದೇ ಕಾರಣ. ಸುಮಾರು 21 ಸಾವಿರ ವರ್ಷದ ಹಿಂದೆ ಭೂಮಿ ಈಗಿಗಿಂತ 5–6 ಡಿಗ್ರಿ ತಣ್ಣಗಿತ್ತು, ಸಮುದ್ರ ಸುಮಾರು 120 ಮೀಟರ್ ಕೆಳಗಿತ್ತು. ಬರೀ ಕಕ್ಷೆಯ ಬಲದಿಂದ ಇಷ್ಟು ದೊಡ್ಡ ವ್ಯತ್ಯಾಸ ಬರಲಾರದು.

ಇನ್ನೊಂದು ತೊಡಕೂ ಇದೆ. ಬಿದ್ದ ಹಿಮ ಸುಮಾರು 100 ಮೀಟರ್ ಆಳಕ್ಕೆ ಹೂತು ಗಟ್ಟಿಯಾಗುವವರೆಗೆ ಅದರ ಸಂದುಗಳಲ್ಲಿ ಮೇಲಿನ ಗಾಳಿ ಆಡುತ್ತಲೇ ಇರುತ್ತದೆ. ಅಂಟಾರ್ಕ್ಟಿಕದ ಒಣ ಪ್ರಸ್ಥಭೂಮಿಯಲ್ಲಿ ಗುಳ್ಳೆಯೊಳಗಿನ ಗಾಳಿ ಅದರ ಸುತ್ತಲಿನ ಮಂಜಿಗಿಂತ ಸಾವಿರಾರು ವರ್ಷ ಚಿಕ್ಕದು. ಈ ಅಂತರವನ್ನು ಅಂದಾಜಿಸುವಲ್ಲಿ ಸ್ವಲ್ಪ ತಪ್ಪಿದರೂ ‘ಯಾವುದು ಮೊದಲು’ ಎಂಬುದೇ ಅದಲುಬದಲಾಗುತ್ತದೆ. ಮೇಲಾಗಿ ಮಂಜು ಹೇಳುವುದು ಅಂಟಾರ್ಕ್ಟಿಕದ ತಾಪಮಾನ, ಜಗತ್ತಿನದಲ್ಲ.

ಈಗಿನ ಏರಿಕೆಯಲ್ಲಿ ಸಮುದ್ರ ಅನಿಲವನ್ನು ಬಿಡುತ್ತಿಲ್ಲ, ಹೀರುತ್ತಿದೆ. ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು 420 ದಾಟಿದೆ. ಹಿಮಯುಗ ಮುಗಿಯುವಾಗ ಸಾವಿರಾರು ವರ್ಷ ಹಿಡಿದದ್ದಕ್ಕಿಂತ ಹೆಚ್ಚಿನ ಏರಿಕೆ ಎರಡು ಶತಮಾನದೊಳಗೆ ಆಗಿದೆ. ನೆಲದ ಹತ್ತಿರದ ಗಾಳಿ ಬಿಸಿಯಾಗುತ್ತಿದ್ದರೆ ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ. ಸೂರ್ಯನೇ ಕಾರಣವಾಗಿದ್ದರೆ ಅದೂ ಬಿಸಿಯಾಗಬೇಕಿತ್ತು.

ಇಂಗಾಲವನ್ನು ಇಳಿಸುವ ದಾರಿಯೂ ಪ್ರಕೃತಿಯಲ್ಲಿದೆ. ನಿಮ್ಮೂರಿನ ಕೋಟೆಯ ಕೆಂಪು ಜಂಬಿಟ್ಟಿಗೆ ಅದರದೇ ಕುರುಹು. ದಖನ್ನಿನ ಲಾವಾ ಶಿಲೆಯನ್ನು ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ತುಸು ಆಮ್ಲವಾದ ಮಳೆ ಲಕ್ಷಾಂತರ ವರ್ಷ ತೊಳೆದು, ಸುಣ್ಣ, ಮೆಗ್ನೀಸಿಯಮ್‌ಗಳನ್ನು ಸಮುದ್ರಕ್ಕೆ ಒಯ್ದಮೇಲೆ ಉಳಿದ ಕಬ್ಬಿಣದ ಗಷ್ಟು ಅದು. ಸಮುದ್ರ ಸೇರಿದ ಸುಣ್ಣ ಇಂಗಾಲವನ್ನು ಕಟ್ಟಿಕೊಂಡು ಸುಣ್ಣಕಲ್ಲಾಗುತ್ತದೆ. ಹವೆ ಬಿಸಿಯಾಗಿ ಮಳೆ ಹೆಚ್ಚಿದರೆ ಈ ಕೆಲಸ ಚುರುಕು, ತಣ್ಣಗಾದರೆ ನಿಧಾನ. ನಮ್ಮ ಅವಸರಕ್ಕೆ ಮಾತ್ರ ಅದು ಒದಗುವುದಿಲ್ಲ.

ಕಡೆಗೆ ನಮ್ಮದೇ ಒಂದು ತಪ್ಪು. ಕಳೆದ ಸಂಚಿಕೆಯ ಚಿತ್ರದ ಅಡಿಯಲ್ಲಿ, ವಾತಾವರಣ ಬಿಸಿ ಹಿಡಿದಿಡುವುದು ‘ಪಾಲಿಹೌಸ್‌ನಂತೆ’ (ಪಾಲಿಥಿನ್ ಹಾಳೆ ಹೊದಿಸಿದ ಬೆಳೆಮನೆಯಂತೆ) ಎಂದು ಅಚ್ಚಾಗಿತ್ತು. ಹಗಲಲ್ಲಿ ಪಾಲಿಹೌಸ್ ಬಿಸಿಯಾಗುವುದು ಮುಖ್ಯವಾಗಿ ಬಿಸಿಗಾಳಿ ಮೇಲೆದ್ದು ಹೋಗಲಾಗದೆ. ಮೇಲಿನ ಕಿಂಡಿ ತೆಗೆದರೆ ಹಾಳೆ ಹಾಗೇ ಇದ್ದರೂ ಒಳಗಿನ ಬಿಸಿ ಇಳಿಯುತ್ತದೆ. ಸಾದಾ ಪಾಲಿಥಿನ್ ಅವಕೆಂಪನ್ನು ಬಹುಮಟ್ಟಿಗೆ ಹಾಯಗೊಡುತ್ತದೆ. ಅದಕ್ಕೇ ನಿರಭ್ರ ಚಳಿರಾತ್ರಿ ಒಳಗಿನ ಗಾಳಿ ಒಮ್ಮೊಮ್ಮೆ ಹೊರಗಿಗಿಂತ ತಣ್ಣಗಾಗಿ ಸಸಿ ನಲುಗುತ್ತದೆ. ಶಾಖ ತಡೆಯುವ ವಸ್ತು ಬೆರೆಸಿದ ಹಾಳೆಗೆ ಬೆಳೆಗಾರರು ಹೆಚ್ಚು ಹಣ ಕೊಡುವುದು ಇದಕ್ಕಾಗಿಯೇ.