ಯುರೋಪಿನ ಫೆರ್ರಿಯಲ್ಲಿ ಬೈಕ್ ಒಯ್ಯುವಾಗ ಏನೇನು ನೋಡಿಕೊಳ್ಳಬೇಕು?

ಇಂಗ್ಲೆಂಡಿನ ಪ್ಲಿಮತ್‌ನಿಂದ ಸ್ಪೇನಿನ ಸಾಂತಾಂದೇರ್‌ಗೆ ಫೆರ್ರಿಯಲ್ಲಿ ಹಿಮಾಲಯನ್ ಬೈಕ್ ಒಯ್ದು ಪಿಕೋಸ್ ಬೆಟ್ಟ ಸುತ್ತಬೇಕು, ಘಾಟಿ ರಸ್ತೆಗಳ ಭಯ ಅಂದಿದ್ದೀರಿ. 1609 ಮೀಟರ್ ಎತ್ತರದ ಸಾನ್ ಗ್ಲೋರಿಯೊ ಘಾಟಿ ನಿಮ್ಮನ್ನು ಏನೂ ಮಾಡುವುದಿಲ್ಲ. ಬೈಕ್ ಬೀಳುವ ಜಾಗ ಹಡಗಿನ ಕೆಳ ಅಂತಸ್ತು. ಅದೂ ನೀವು ಮೇಲೆ ಆರಾಮಾಗಿ ಕಾಫಿ ಹೀರುತ್ತಿರುವಾಗ.

ಹಡಗಿನ ನೆಲ ಬಣ್ಣ ಬಳಿದ ಉಕ್ಕು. ಅದರ ಮೇಲೆ ನೀರು, ಲಾರಿಗಳ ಎಣ್ಣೆ. ಮೊದಲ ಗೇರಿನಲ್ಲಿ, ಬೈಕ್ ವಾಲಿಸದೆ, ಹಿಂದಿನ ಬ್ರೇಕನ್ನೇ ಮೆಲ್ಲಗೆ ಒತ್ತುತ್ತಾ ಒಳಗೆ ಹೋಗಿ. ಸಿಬ್ಬಂದಿ ಬೇಗ ಬೇಗ ಅಂತ ಕೈ ಬೀಸುತ್ತಾರೆ. ಬೀಸಲಿ.

ಕೆಲವು ಹಡಗುಗಳಲ್ಲಿ ಬೈಕನ್ನು ಅವರೇ ಕಟ್ಟುತ್ತಾರೆ, ಕೆಲವದರಲ್ಲಿ ಜಿಡ್ಡು ಹಿಡಿದ ಪಟ್ಟಿಗಳ ರಾಶಿ ತೋರಿಸಿ ಮಾಯವಾಗುತ್ತಾರೆ. ಸ್ವಂತದ್ದು ಎರಡು ರ‍್ಯಾಚೆಟ್ ಸ್ಟ್ರಾಪ್ (ಹಿಡಿ ಆಡಿಸಿ ಬಿಗಿಯುವ ಪಟ್ಟಿ), ಒಂದು ಹಳೇ ಟವೆಲ್ ಜೊತೆಗಿರಲಿ. ರ‍್ಯಾಚೆಟ್ ಬಿಗಿಯುವುದು, ಬಿಚ್ಚುವುದು ಮನೆಯಲ್ಲೇ ಅಭ್ಯಾಸವಾಗಲಿ. ಬಿಚ್ಚಲು ಬಾರದೆ ಹಿಂದಿನ ಕಾರುಗಳಿಂದ ಹಾರ್ನ್ ಹೊಡೆಸಿಕೊಳ್ಳುವವರೇ ಜಾಸ್ತಿ.

ಸೈಡ್ ಸ್ಟ್ಯಾಂಡ್ ಹಾಕಿ, ಮೊದಲ ಗೇರಿನಲ್ಲೇ ಇಂಜಿನ್ ಆರಿಸಿ. ಮುಂದಿನ ಬ್ರೇಕ್ ಲಿವರನ್ನು ಹ್ಯಾಂಡಲ್‌ಗೆ ಒತ್ತಿ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ. ಸೆಂಟರ್ ಸ್ಟ್ಯಾಂಡ್ ನೋಡಲು ಭದ್ರ, ಆದರೆ ಹಡಗು ಮುಂದಕ್ಕೆ ತೂಗಿದರೆ ಬೈಕ್ ಅದರ ಮೇಲಿಂದ ಉರುಳಿ ಇಳಿದುಬಿಡುತ್ತದೆ. ಸೀಟಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಸ್ಟ್ರಾಪ್ ಹಾಯಿಸಿ, ಎರಡೂ ತುದಿಗಳನ್ನು ನೆಲದ ಕೊಂಡಿಗೆ ಸಿಕ್ಕಿಸಿ. ಎರಡನೆಯದು ಮುಂಭಾಗಕ್ಕೆ, ಕ್ರ್ಯಾಶ್ ಗಾರ್ಡ್ ಅಥವಾ ಫೋರ್ಕಿನ ಕೆಳ ಕ್ಲಾಂಪ್ ಹಿಡಿದು. ಕನ್ನಡಿ, ಇಂಡಿಕೇಟರ್, ಪಕ್ಕದ ಪ್ಯಾನಿಯರ್ ಪೆಟ್ಟಿಗೆಗಳಿಗೆ ಕೊಕ್ಕೆ ಹಾಕಲೇಬೇಡಿ. ಬಿಸಿ ಸೈಲೆನ್ಸರಿಗೆ ತಾಗಿದರೆ ಪಟ್ಟಿ ಕರಗುತ್ತದೆ.

ಎಳೆತ ಎರಡೂ ಕಡೆ ಸಮನಾಗಿರಲಿ, ಮುಖ್ಯ ಇದೇ. ಬಲಗಡೆ ಮಾತ್ರ ಬಿಗಿದರೆ ಬೈಕ್ ನೆಟ್ಟಗಾಗಿ ಸ್ಟ್ಯಾಂಡ್ ನೆಲ ಬಿಡುತ್ತದೆ, ಒಂದು ಅಲೆ ಸಾಕು, ಸುಮಾರು 200 ಕೆಜಿ ಪಕ್ಕದ ಬೈಕಿನ ಮಡಿಲಿಗೆ. ಸಸ್ಪೆನ್ಷನ್ ಒಂದೆರಡು ಇಂಚು ಕುಗ್ಗುವಷ್ಟು ಬಿಗಿ ಸಾಕು. ಇನ್ನೂ ಸಡಿಲವಿದ್ದರೆ ಹಡಗು ಕುಲುಕಿ ಬೈಕ್ ಕುಗ್ಗಿದಾಗ ಕೊಕ್ಕೆ ಕಳಚುತ್ತದೆ. ಪೂರ್ತಿ ಅದುಮಿಟ್ಟರೆ ಫೋರ್ಕ್ ಸೀಲಿಗೆ ಒಳ್ಳೆಯದಲ್ಲ.

ಅಲಾರಂ ಇದ್ದರೆ ಆರಿಸಿ. ಇಲ್ಲವಾದರೆ ಬಿಸ್ಕೇ ಕೊಲ್ಲಿಯುದ್ದಕ್ಕೂ ಅದು ಬೊಬ್ಬೆ ಹೊಡೆದು, ಇಳಿಯುವ ಹೊತ್ತಿಗೆ ಬ್ಯಾಟರಿ ಖಾಲಿ. ಹಡಗು ಹೊರಟ ಮೇಲೆ ಕೆಳ ಅಂತಸ್ತಿಗೆ ಬೀಗ ಬೀಳುತ್ತದೆ, ಪ್ರಯಾಣ ಸುಮಾರು 20 ಗಂಟೆ. ಪಾಸ್‌ಪೋರ್ಟ್, ಚಾರ್ಜರ್, ಬದಲಿ ಬಟ್ಟೆ ಮೊದಲೇ ತೆಗೆದುಕೊಳ್ಳಿ. ಮೆಟ್ಟಿಲಿನ ಬಾಗಿಲ ಮೇಲಿನ ನಂಬರಿನ ಫೋಟೋ ತೆಗೆದಿಡಿ. ವಾಂತಿ ಮಾತ್ರೆ ಹೊರಡುವ ಮುಂಚೆಯೇ ನುಂಗಿ, ತಲೆ ತಿರುಗಲು ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಕಾಗದಪತ್ರ: ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ, ಬ್ರಿಟಿಷ್ ಲೈಸೆನ್ಸ್, ವಿ5ಸಿ (ಬೈಕಿನ ಬ್ರಿಟಿಷ್ ನೋಂದಣಿ ಪತ್ರ) ಮೂಲಪ್ರತಿ, ಇನ್ಶೂರೆನ್ಸ್, ಹಿಂಬದಿಗೆ ಯುಕೆ ಸ್ಟಿಕ್ಕರ್ (2021ರ ಸೆಪ್ಟೆಂಬರ್ 28ರಿಂದ ಹಳೆಯ ಜಿಬಿ ಸ್ಟಿಕ್ಕರ್ ನಡೆಯುವುದಿಲ್ಲ). ಬ್ರಿಟನ್ನಿನಿಂದ ಯುರೋಪಿಯನ್ ಒಕ್ಕೂಟದೊಳಗೆ ಹಾಲು, ಮಾಂಸದ ಪದಾರ್ಥ ಒಯ್ಯುವಂತಿಲ್ಲ, ಆದ್ದರಿಂದ ಮೊಸರನ್ನದ ಡಬ್ಬಿ ಹಡಗಿನಲ್ಲೇ ಖಾಲಿಯಾಗಲಿ. ಚಟ್ನಿಪುಡಿಗೆ ತೊಂದರೆಯಿಲ್ಲ.

ಇಳಿಯುವಾಗ ಬಾಗಿಲು ತೆರೆದು ಸನ್ನೆ ಸಿಗುವವರೆಗೆ ಇಂಜಿನ್ ಬೇಡ, ಒಳಗೆ ಹೊಗೆ ತುಂಬುತ್ತದೆ. ಸ್ಪೇನಿನಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ಬಂದರಿನಿಂದ ಹೊರಬೀಳುವಾಗ ಯಾರೂ ತಪ್ಪು ಬದಿಗೆ ಹೋಗುವುದಿಲ್ಲ, ಮುಂದೊಂದು ಕಾರು ಇದ್ದೇ ಇರುತ್ತದೆ. ಎಡವುವುದು ಮಾರನೇ ಬೆಳಿಗ್ಗೆ, ಖಾಲಿ ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ತಿರುಗುವಾಗ. ಟ್ಯಾಂಕಿನ ಮೇಲೆ ಬಲಕ್ಕೊಂದು ಬಾಣದ ಗುರುತು ಅಂಟಿಸಿ. ಬಂಕಿನಲ್ಲಿ ಪೆಟ್ರೋಲಿನ ಚಿಹ್ನೆ ವೃತ್ತದೊಳಗೆ ಇ5 ಅಥವಾ ಇ10. ಚೌಕದೊಳಗೆ ಬಿ7 ಅಂತಿದ್ದರೆ ಅದು ಡೀಸೆಲ್, ಪೈಪ್ ವಾಪಸ್ ಇಟ್ಟುಬಿಡಿ.