ಡಯಾಲಿಸಿಸ್ ರೋಗಿಯ ಸೊಂಟದ ಮೂಳೆ ಮುರಿದರೆ ಮಲಗಿಸಿ ಕಾಯಬೇಡಿ

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಆರು ವರ್ಷಗಳಿಂದ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ನಡೆಯುತ್ತಿದೆ. ಮೊನ್ನೆ ಡಯಾಲಿಸಿಸ್ ಮುಗಿಸಿಕೊಂಡು ಬಂದ ಸಂಜೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಅವರು ಶಸ್ತ್ರಚಿಕಿತ್ಸೆ ತಡೆದುಕೊಳ್ಳಲಾರರು, ನಾಟಿ ಕಟ್ಟು ಹಾಕಿಸಿ ಮೂರು ತಿಂಗಳು ಮಲಗಿಸಿ ಎನ್ನುತ್ತಾರೆ ಬಂಧುಗಳು. ಏನು ಮಾಡಲಿ?

ಉತ್ತರ: ಇಂದೇ ಆಸ್ಪತ್ರೆಗೆ ಸೇರಿಸಿ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಅದೂ ಬಹಳ ಸಲ ವಾರಗಳು ಕಳೆದ ಮೇಲೆ ಬರುತ್ತದೆ ಎಂಬುದು ನನ್ನ ಸಂಕಟ. ಸೊಂಟದ ಮೂಳೆ ಮುರಿಯುವ ಅಪಾಯ ಡಯಾಲಿಸಿಸ್ ರೋಗಿಗಳಲ್ಲಿ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಮುರಿದ ಮೇಲೆ ಒಂದು ವರ್ಷದೊಳಗೆ ಅವರಲ್ಲಿ ಸುಮಾರು ಅರ್ಧದಷ್ಟು ಜನ ತೀರಿಕೊಂಡಿರುವುದನ್ನು ಅಮೆರಿಕದ ಅಧ್ಯಯನಗಳು ದಾಖಲಿಸಿವೆ. ಶಸ್ತ್ರಚಿಕಿತ್ಸೆಯಲ್ಲಿ ಅಪಾಯವಿದೆ, ಆದರೆ ಮಲಗಿಸಿಡುವುದರಲ್ಲಿ ಅದಕ್ಕಿಂತ ಹೆಚ್ಚಿನ ಅಪಾಯವಿದೆ. ಮಲಗಿದವರಿಗೆ ನ್ಯುಮೋನಿಯಾ, ಬೆನ್ನಹುಣ್ಣು ಬರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಬಂಧುಗಳು ಮರೆಯುವುದು ಇನ್ನೊಂದನ್ನು: ಕುಳಿತುಕೊಳ್ಳಲಾಗದ, ಕಾರಿಗೆ ಹತ್ತಿಸುವಾಗಲೆಲ್ಲ ನೋವಿನಿಂದ ಚೀರುವ ತಾಯಿಯನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯಲು ಮನೆಯವರಿಗೆ ಮನಸ್ಸು ಬರುವುದಿಲ್ಲ, ಒಂದು ಸರದಿ ತಪ್ಪುತ್ತದೆ, ನಂತರ ಎರಡು ತಪ್ಪುತ್ತವೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು.

ನಾಟಿ ಕಟ್ಟಿನವರ ವಿಷಯದಲ್ಲಿ ನನಗೆ ಸಹನೆಯಿಲ್ಲ. ಸೊಂಟದ ಕೀಲಿನ ಮುರಿತವನ್ನು ಯಾವ ಪಟ್ಟಿಯೂ ಹಿಡಿದಿಡಲಾರದು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ಜೋಡಿಸಿದ ರಕ್ತನಾಳ) ಇರುವ ಕೈ ಮುರಿದಾಗಲಂತೂ ಬಿಗಿಯಾದ ಕಟ್ಟು ರಕ್ತದ ಹರಿವನ್ನೇ ನಿಲ್ಲಿಸಿ, ಡಯಾಲಿಸಿಸ್‌ನ ದಾರಿಯನ್ನೇ ಮುಚ್ಚಿಬಿಡಬಹುದು.

ಮೂಳೆ ತಜ್ಞರು ಮತ್ತು ನಿಮ್ಮ ಮೂತ್ರಪಿಂಡ ತಜ್ಞರು ಪರಸ್ಪರ ಮಾತನಾಡಲೇಬೇಕು. ಅವರು ಮಾತನಾಡುವಂತೆ ನೀವೇ ನೋಡಿಕೊಳ್ಳಿ. ಶಸ್ತ್ರಚಿಕಿತ್ಸೆಗೆ ಮುನ್ನ ಪೊಟ್ಯಾಸಿಯಂ ಪರೀಕ್ಷೆಯಾಗಬೇಕು. ಬಿದ್ದ ವಿಷಯವನ್ನು ಡಯಾಲಿಸಿಸ್ ಘಟಕಕ್ಕೆ ತಿಳಿಸಿದರೆ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಇಲ್ಲದೆ ಡಯಾಲಿಸಿಸ್ ಮಾಡುತ್ತಾರೆ. ತಿಳಿಸದಿದ್ದರೆ ಮುರಿದ ಜಾಗದಲ್ಲಿ ರಕ್ತ ಸೋರಿ ತುಂಬಬಹುದು.

ಇದನ್ನು ಓದುವ ಉಳಿದವರಿಗೂ ಒಂದು ಮಾತು: ಬಿದ್ದ ಮೇಲೆ ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ವಾಲಿ ಬಿದ್ದಿದ್ದರೆ ಎಬ್ಬಿಸಿ ನಡೆಸಲು ಯತ್ನಿಸಬೇಡಿ. ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಕಾಲೂರಲಾಗದಷ್ಟು ನೋವು ಉಳಿದಿದ್ದರೆ ಸಿಟಿ ಅಥವಾ ಎಂಆರ್‌ಐ ಮಾಡಿಸಿ. ಡಯಾಲಿಸಿಸ್ ಮುಗಿದ ಕೂಡಲೇ ಬಹಳ ಸಲ ರಕ್ತದೊತ್ತಡ ಇಳಿದಿರುತ್ತದೆ. ಆ ಸಂಜೆ ಬಚ್ಚಲುಮನೆಗೆ ಒಬ್ಬರೇ ಹೋಗಬಾರದು.

ಪ್ರಶ್ನೆ: ಮೂಳೆ ಗಟ್ಟಿಯಾಗಲು ಡಯಾಲಿಸಿಸ್ ರೋಗಿ ದಿನವೂ ಕ್ಯಾಲ್ಸಿಯಂ ಮಾತ್ರೆ ನುಂಗಬಹುದೇ?

ಉತ್ತರ: ಸ್ವಂತ ನಿರ್ಧಾರದಿಂದ ಬೇಡ. ಮೂತ್ರಪಿಂಡ ಸೋತಾಗ ರಂಜಕ ದೇಹದಲ್ಲೇ ಉಳಿಯುತ್ತದೆ, ವಿಟಮಿನ್ ಡಿ ಸಕ್ರಿಯವಾಗುವುದಿಲ್ಲ. ಆಗ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನನ್ನು ಅತಿಯಾಗಿ ಸುರಿಸಿ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತವೆ. ಇನ್ನು ಕೆಲವರಲ್ಲಿ ಇದೇ ಹಾರ್ಮೋನು ಮಿತಿಮೀರಿ ತಗ್ಗಿ ಮೂಳೆಯ ನವೀಕರಣವೇ ನಿಂತಂತಾಗಿರುತ್ತದೆ, ಅಂಥವರಿಗೆ ಕ್ಯಾಲ್ಸಿಯಂ ಸುರಿದರೆ ಅದು ರಕ್ತನಾಳಗಳ ಗೋಡೆಯಲ್ಲಿ ಕೂರುತ್ತದೆ. ರಂಜಕ, ಕ್ಯಾಲ್ಸಿಯಂ ಮತ್ತು ಪಿಟಿಎಚ್ (ಇದೇ ಪ್ಯಾರಾಥೈರಾಯ್ಡ್ ಹಾರ್ಮೋನು) ವರದಿ ನೋಡದೆ ಯಾರೂ ಮಾತ್ರೆ ಹೇಳಬಾರದು. ರಂಜಕ ತಡೆಯುವ ಮಾತ್ರೆಯನ್ನು ವೈದ್ಯರು ಬರೆದಿದ್ದರೆ ಅದನ್ನು ಊಟದ ಜೊತೆಗೇ ನುಂಗಿ.

ಪ್ರಶ್ನೆ: ಕಾಲು ಸೂಪ್ ಕುಡಿದರೆ ಮೂಳೆ ಬೇಗ ಕೂಡುತ್ತದೆಯೇ?

ಉತ್ತರ: ಇಲ್ಲ, ನಿಮಗೆ ಹಾಕಿರುವ ನೀರಿನ ಮಿತಿ ಮೀರುತ್ತದೆ, ಅಷ್ಟೇ.

ಪ್ರಶ್ನೆ: ಆರು ತಿಂಗಳಿಗೊಮ್ಮೆ ಕೊಡುವ ಮೂಳೆಯ ಇಂಜೆಕ್ಷನ್, ಡೆನೊಸುಮ್ಯಾಬ್, ಡಯಾಲಿಸಿಸ್ ರೋಗಿಗೆ ಸುರಕ್ಷಿತವೇ?

ಉತ್ತರ: ಇದರಿಂದ ಡಯಾಲಿಸಿಸ್ ರೋಗಿಗಳಲ್ಲಿ ಕ್ಯಾಲ್ಸಿಯಂ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ತನ್ನ ಅತಿ ಗಂಭೀರ ಎಚ್ಚರಿಕೆಯನ್ನು ನೀಡಿದೆ. ಮೂತ್ರಪಿಂಡ ತಜ್ಞರ ಒಪ್ಪಿಗೆಯಿಲ್ಲದೆ ಚುಚ್ಚಿಸಿಕೊಳ್ಳಬೇಡಿ. ಈಗಾಗಲೇ ಚುಚ್ಚಿಸಿಕೊಂಡಿದ್ದರೆ ಕ್ಯಾಲ್ಸಿಯಂ ಪರೀಕ್ಷೆಯನ್ನು ತಡಮಾಡದೆ ಮಾಡಿಸಿ, ಬಾಯಿಯ ಸುತ್ತ ಜೋಮು ಹಿಡಿದರೆ ಅಥವಾ ಕೈಕಾಲು ಸೆಟೆದುಕೊಂಡರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ.